ತಗಡಿನ ಕಾಲು

ಫಿದೆನ್ಸಿಯೋ,

ದೇವರ ಪಾದ ಸೇರಿದ ಗಂಡನಿಗೆ ಕಾಗದ ತಲುಪಿಸುವವರಿಲ್ಲ. ಆದರೂ ಇಂದು ನಡೆದದ್ದನ್ನು ಬರೆದಿಡುತ್ತೇನೆ.

ನನ್ನ ಕಾಲುಗಳ ಚಡಪಡಿಕೆ ಹೆಚ್ಚಾಗಿದೆ. ಸಾವಿನ ಮನೆಗಳಲ್ಲಿ ಜಪಮಾಲೆ ಹೇಳಿಸಲು ಕುಳಿತರೆ ಎರಡನೇ ಸುತ್ತಿಗೇ ಎದ್ದು ಅಡ್ಡಾಡುತ್ತೇನೆ. "ಸತ್ತವನಿಗಿಂತ ಮೊದ್ಲು ಜಪ ಹೇಳ್ಸೋಳೇ ಸ್ವರ್ಗಕ್ಕೆ ನಡೆದುಬಿಡ್ತಾಳೆ" ಎಂದು ನಗುತ್ತಾರೆ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ಕರೆಯುತ್ತಾರಂತೆ.

ಆರೋಗ್ಯ ಕೇಂದ್ರದ ಡಾಕ್ಟರಮ್ಮ ರಕ್ತದಲ್ಲಿ ಕಬ್ಬಿಣದಂಶ ಕಡಿಮೆಯೆಂದು ಮಾತ್ರೆ ಕೊಟ್ಟು, ಕಾಫಿ ಬಿಡಲು ಹೇಳಿದರು. ನಿನ್ನ ತಂಗಿ ಕಾಲಿನ ಚಡಪಡಿಕೆಗೆ ಮನೆಮದ್ದೆಂದು ಹಾಸಿಗೆಯಡಿ ಸೋಪು ಇಡಿಸಿದಳು. ಇಂದು ಮೈ ನೀವುವ ದೋನ್ಯಾ ಎಪಿಫಾನಿಯಾಳ ಬಳಿ ಹೋದೆ.

"ಇಸ್ತ್ರಿ ಮಾಡಿದ ಕಾವಲ್ಲೇ ತಣ್ಣೀರು ತುಳ್ದಿದ್ದೀಯ. ಶೀತ ಮೂಳೆಗೆ ಹೊಕ್ಕಿದೆ" ಎಂದು ಬೈಯುತ್ತ, ಮೆಸ್ಕಾಲ್ ಸಾರಾಯಿಯಲ್ಲಿ ನೆನೆಸಿದ ಸೊಪ್ಪನ್ನು ತಿಕ್ಕಿದಳು. "ಗಂಡ ಇದ್ದಾಗ ಏನ್ ಮಾಡ್ತಿದ್ದೆ ಮಗಳೇ?"

"ಅವ್ನು ನಿದ್ದೆಗಣ್ಣಲ್ಲೇ ಎಡಗಾಲ್ನ ನನ್ ಕಾಲ್ಗಳ ಮೇಲೆ ಹೇರಿಬಿಡ್ತಿದ್ದ, ಮರದ ದಿಮ್ಮಿ ಹಂಗೆ. ಬೈಕೊಂಡೇ ನಿದ್ದೆ ಹೋಗ್ತಿದ್ದೆ."

ಆಕೆ ಕೈ ಒರೆಸಿಕೊಂಡಳು. "ಆ ಮದ್ದು ನನ್ ಹತ್ರ ಇಲ್ಲ. ಡಾಕ್ಟರಮ್ಮನ ಮಾತ್ರೆನೇ ನುಂಗು."

ನುಂಗುತ್ತೇನೆ. ಕಾಫಿಯನ್ನೂ ಬಿಡುತ್ತೇನೆ. ಬರುವಾಗ ಸಂತ ರೋಕೆಗೆ ಹರಕೆ ಕಟ್ಟಲೆಂದು ಚರ್ಚಿನ ಬಾಗಿಲಲ್ಲಿ, ನೋಯುವ ಅಂಗದ ರೂಪದಲ್ಲಿ ಒಪ್ಪಿಸುವ ಪುಟ್ಟ ತಗಡಿನ ಕಾಲು ಕೊಳ್ಳಲು ನಿಂತೆ.

"ಯಾವ ಕಾಲಮ್ಮ ನಿಮ್ಗೆ ತೊಂದ್ರೆ?" ಎಂದು ಮಾರುವವಳು ಕೇಳಿದಳು.

ನನಗೆ ಎರಡೂ ತೊಂದರೆಯೇ. ಆದರೆ ಎಡಗಾಲು ಕೊಡು ಎಂದೆ, ಗಂಡಸಿನದು, ಇದ್ದುದರಲ್ಲೇ ಭಾರವಾದದ್ದು.