ಎರಡನೇ ಪ್ಯಾರಾ

ಜುಲೈ 9, ಮಂಗಳವಾರ

ಇವತ್ತೂ ಏಳೂವರೆ ಬಸ್ಸು ತಪ್ಪಿತು. ಹೊಸಪೇಟೆಯ ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿತ್ತು. ಇಂಗ್ಲಿಷ್ ಮಾತ್ರ ತಪ್ಪಲಿಲ್ಲ, ನನ್ನ ಹಣೆಬರಹ. ಟೆಸ್ಟಲ್ಲಿ ಐವತ್ತಕ್ಕೆ ಹನ್ನೊಂದು. ಹಿಂದಿನ ಬೆಂಚಿನ ಒಂಬತ್ತು ಮಂದಿಯನ್ನು ಎಬ್ಬಿಸಿ ನಿಲ್ಲಿಸಿ ಅನ್ನಪೂರ್ಣ ಮೇಡಂ ‘ಪಾಸಿಂಗ್ ಪ್ಯಾಕೇಜ್’ ಹಂಚಿದರು. ಆರು ಹಾಳೆ ಜೆರಾಕ್ಸ್. ಉರು ಹೊಡೆದರೆ ಸೆಕೆಂಡ್ ಪಿಯು ಪಾಸ್. ಪ್ಯಾಸೇಜ್ ಬಂದರೆ ಪೂರ್ತಿ ಓದಿ ತಲೆ ಕೆಡಿಸಿಕೊಳ್ಳಬಾರದಂತೆ — ಮೊದಲ ಪ್ಯಾರಾ ನೋಡಿ ಅದನ್ನೇ ಇಳಿಸಬೇಕು. “ಅರ್ಧ ಮಾರ್ಕ್ಸ್ ಆರಾಮ ಬರ್ತಾವ,” ಅಂದರು.

ಪ್ರತಿ ಪದದ ತಲೆ ಮೇಲೆ ಅದರ ಉಚ್ಚಾರ ಕನ್ನಡದಲ್ಲಿ ಬರೆದುಕೊಂಡೆ. ಸಂಜೆ ಬಸ್ಸು ನಮ್ಮೂರು ವಡ್ಡು ಮುಟ್ಟುವುದರೊಳಗೆ ಎರಡು ಹಾಳೆ ಬಾಯಿಗೆ ಬಂತು. ಅರ್ಥ? ಅದನ್ನು ಯಾರು ಕೇಳುತ್ತಾರೆ.

ಅಪ್ಪ ಹೋಗಿ ಎರಡು ತಿಂಗಳು. ಕಂಪನಿಯಲ್ಲಿ ಡ್ಯೂಟಿ ಮೇಲೆ ಎದೆ ಹಿಡಿದುಕೊಂಡು ಕುಂತವನು ಏಳಲಿಲ್ಲ. ಆ ಕೆಲಸ ನಮ್ಮಣ್ಣ ಓಬಳೇಶನಿಗೆ ಕೊಡಿರೆಂದು ಅವ್ವ ಎರಡು ಸಲ ಕಂಪನಿ ಗೇಟಿಗೆ ಹೋಗಿ ಬಂದಿದ್ದಾಳೆ. ಪತ್ರ ಕಳಿಸುತ್ತೇವೆ ಅಂದಿದ್ದಾರಂತೆ.

ಜುಲೈ 13, ಶನಿವಾರ

ಪತ್ರ ಬಂತು. ಇಂಗ್ಲಿಷಿನಲ್ಲಿ!

ಓಣಿಯ ಮಂದಿಯೆಲ್ಲ ಕಟ್ಟೆ ಮೇಲೆ. ಟಪಾಲಿನವನು ಓದಿ ಹೇಳುತ್ತೇನೆ ಅಂದ. ಅವ್ವ ಕೊಡಲಿಲ್ಲ. “ನಮ್ಮ ಗಾಯತ್ರಿ ಇಂಗ್ಲಿಷ್ ಕಾಲೇಜ್ ಓದಾಕತ್ಯಾಳ, ಆಕೀನ ಓದ್ಲಿ.” ಮೊದಲ ಪ್ಯಾರಾ ಗೊತ್ತಾಯಿತು: ಹಂಪಯ್ಯ ಒಳ್ಳೆ ಕೆಲಸಗಾರ, ಅವರ ಸಾವಿನಿಂದ ಭಾಳ ದುಃಖವಾಗಿದೆ. ಅದನ್ನೇ ದೊಡ್ಡ ದನಿಯಲ್ಲಿ ಹೇಳಿದೆ.

ಅಣ್ಣ ಇಣುಕಿದ. “ಕೆಳಗ ಇನ್ನೂ ಐತಲ್ಲಲೇ?”

ಕೆಳಗಿನದೆಲ್ಲ ಉದ್ದುದ್ದ ಪದ. ಗೊತ್ತಾಗುತ್ತಿಲ್ಲ ಅನ್ನಬಹುದಿತ್ತು. ಅಷ್ಟು ಮಂದಿ ಎದುರಿಗೆ ಬಾಯಿ ಬರಲಿಲ್ಲ. “ಅದನ್ನ ಮತ್ತ ಮತ್ತ ಬರ್ದಾರಣ್ಣ,” ಅಂದೆ.

ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡಳು. “ಇಷ್ಟು ಮರ್ಯಾದಿ ಕೊಟ್ಟಾರ. ಇನ್ನ ಹೋಗಿ ಕೆಲ್ಸ ಕೇಳಿದ್ರ ಚಂದ ಇರಂಗಿಲ್ಲ.”

ಜುಲೈ 22

ಅವ್ವ ಸಂಡೂರಿಗೆ ಹೋಗಿ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದಾಳೆ! ಅಪ್ಪನ ಫೋಟೋ ಪಕ್ಕ ಮೊಳೆಗೆ ನೇತುಹಾಕಿ ಕುಂಕುಮ ಹಚ್ಚಿದಳು. ಬಂದವರಿಗೆಲ್ಲ ತೋರಿಸುತ್ತಾಳೆ. ನನಗೆ ಆ ಕಡೆ ನೋಡಲು ಯಾಕೋ ಮನಸ್ಸಿಲ್ಲ.

ಆಗಸ್ಟ್ 5

ಅಣ್ಣ ಕಂಪ್ಲಿಗೆ ಹೋದ. ರೈಸ್ ಮಿಲ್ಲಿನಲ್ಲಿ ಹಮಾಲಿ. ಭಾನುವಾರ ಬರುತ್ತಾನೆ. ಅವ್ವ ರೊಟ್ಟಿ ಕಟ್ಟಿಕೊಟ್ಟು ಬಸ್ ಸ್ಟ್ಯಾಂಡ್ ತನಕ ಹೋದಳು. ನಾನು ಪ್ಯಾಕೇಜಿನ ಮೂರನೇ ಹಾಳೆ ಉರು ಹೊಡೆಯುತ್ತಿದ್ದೆ.

ನವೆಂಬರ್ 12, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ.

ಮೇಡಂ ಇವತ್ತು ಆಫೀಸ್ ಪತ್ರದ ಪಾಠ ಮಾಡಿದರು. “ಮೊದಲ್ನೇ ಪ್ಯಾರಾ ಬರೇ ಮರ್ಯಾದಿಗೆ. ವಿಷಯ ಇರೋದು ಎರಡನೇದ್ರಾಗ.” ಎಲ್ಲರೂ ಬರೆದುಕೊಂಡರು. ನನಗೆ ಗೋಡೆ ಮೇಲಿನ ಪತ್ರ ನೆನಪಾಯಿತು. ಲೈಬ್ರರಿಯಿಂದ ಡಿಕ್ಷನರಿ ಇಸಿದುಕೊಂಡು ಮನೆಗೆ ಬಂದೆ. ಅವ್ವ ಹೊಲದಲ್ಲಿದ್ದಳು. ಗೋಡೆಯ ಮುಂದೆ ನಿಂತು ಒಂದೊಂದೇ ಪದ ಹುಡುಕಿದೆ. ಕುಂಕುಮದ ಅಡಿಯಲ್ಲೂ ಉಗುರು ಹಾಕಿ ನೋಡಿದೆ.

ಮೃತರನ್ನು ಅವಲಂಬಿಸಿದ ಒಬ್ಬರಿಗೆ ಕೆಲಸ. ಅರವತ್ತು ದಿನದೊಳಗೆ ದಾಖಲೆ ತಂದು ಕಾಣಬೇಕು.

ನಾಲ್ಕು ಸಲ ಓದಿದೆ. ಅರವತ್ತು ದಿನ ಸೆಪ್ಟೆಂಬರಿಗೇ ಮುಗಿದಿದೆ.

ನವೆಂಬರ್ 13

ಕಾಲೇಜ್ ಹಿಂದೆ ನಿಂತು ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರ ದನಿ ಕೆಟ್ಟದಿರಲಿಲ್ಲ. “ಟೈಮ್ ಕೊಟ್ಟಿದ್ವಲ್ಲಮ್ಮ. ಯಾರೂ ಬರ್ಲಿಲ್ಲ. ಬ್ಯಾಡ ಇರ್ಬೇಕು ಅಂತ ಬ್ಯಾರೇವ್ರಿಗೆ ಕೊಟ್ವಿ.”

ಬೈದಿದ್ದರೆ ಚೆನ್ನಾಗಿತ್ತು. ಕಂಪನಿ ಕೊಟ್ಟಿತ್ತು, ಕೆಡಿಸಿದವಳು ನಾನು. ಮೇಡಂ ಹೇಳಿಕೊಟ್ಟಿದ್ದು ಪರೀಕ್ಷೆಗೆ. ಅದನ್ನು ಮನೆಗೆ ತಂದವಳು ನಾನೇ. ಅವ್ವನಿಗೆ ಹೇಳಬೇಕು. ಊಟದ ಹೊತ್ತಿಗೆ ಹೇಳಬೇಕು ಅಂದುಕೊಂಡೆ. “ಯಾಕ ಉಣವಲ್ಲಿ, ಪರೀಕ್ಷಿ ಚಿಂತೇನು?” ಅಂದಳು. ಹೂಂ ಅಂದೆ.

ಡಿಸೆಂಬರ್ 1, ಭಾನುವಾರ

ಅಣ್ಣನ ಹೆಗಲ ಚರ್ಮ ಸುಲಿದಿದೆ. ಕೊಬ್ಬರಿ ಎಣ್ಣೆ ಹಚ್ಚುತ್ತಾ ಕುಂತಿದ್ದೆ. ಮಿಲ್ಲಿನ ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟು ಹೋಗುತ್ತಾನಂತೆ. ಇಂಗ್ಲಿಷ್ ಓದಲು ಬಂದರೆ ಆ ಕುರ್ಚಿ ಅಣ್ಣನಿಗೆ. ಅಣ್ಣ ಹತ್ತನೇ ಕ್ಲಾಸಿನಲ್ಲಿ ಫೇಲಾಗಿದ್ದೇ ಇಂಗ್ಲಿಷಿನಲ್ಲಿ.

“ನೀನ ಕಲಿಸು.”

“ಯಾರ್ನಾರ ಕೇಳಣ್ಣ, ನನ್ನ ಬ್ಯಾಡ.”

“ಮನ್ಯಾಗ ಟೀಚರ್ ಇಟ್ಕಂಡು ಹೊರಗ ಯಾಕಲೇ?” ನಕ್ಕ. ಆ ನಗು ನೋಡಲಾಗಲಿಲ್ಲ. ಪುಸ್ತಕ ತೆಗೆದೆ.

ಫೆಬ್ರವರಿ 9, ಭಾನುವಾರ

ಅಣ್ಣ ನನಗಿಂತ ಜಾಣ. ಗೊಬ್ಬರದ ಚೀಲ, ಮಾತ್ರೆ ಚೀಟಿ, ಸಿಕ್ಕಿದ್ದನ್ನೆಲ್ಲ ಡಿಕ್ಷನರಿ ಹಿಡಿದು ಓದುತ್ತಾನೆ. ಇವತ್ತು ನನ್ನ ಪ್ಯಾಕೇಜ್ ಅವನ ಕೈಗೆ ಸಿಕ್ಕಿತು.

“ಮೊದಲ್ನೇ ಪ್ಯಾರಾ ಓದಿದ್ರ ಸಾಕಂತಲ್ಲ?”

ಹೌದು ಅಂದುಬಿಟ್ಟರೆ ಗೋಡೆಯ ಮೇಲಿನ ಪತ್ರ ಹಾಗೇ ಇರುತ್ತಿತ್ತು. ನಾಲಿಗೆ ತುದಿಗೆ ಬಂದಿತ್ತು. ಅವನ ಹೆಗಲು ಕಣ್ಣಿಗೆ ಬಿತ್ತು.

“ಇಲ್ಲಣ್ಣ. ಕೊನೀತನ ಓದಬೇಕು.”

ಎಂದಾದರೂ ಒಂದು ದಿನ ಅವನು ಗೋಡೆಯ ಪತ್ರಕ್ಕೇ ಬರುತ್ತಾನೆ. ಗೊತ್ತಿದ್ದೇ ಹೇಳಿದೆ. ಅದಕ್ಕೂ ಮುಂಚೆ ನಾನೇ ಹೇಳಬೇಕು. ಧೈರ್ಯ ಸಾಲುತ್ತಿಲ್ಲ.

ಫೆಬ್ರವರಿ 16, ಭಾನುವಾರ, ಮಧ್ಯಾಹ್ನ 12.20

ಇಷ್ಟು ಬೇಗ ಅಂದುಕೊಂಡಿರಲಿಲ್ಲ. ಅಣ್ಣ ಸ್ನಾನ ಮಾಡಿ ಬಂದವನೇ, “ಅವ್ವಾ, ಅಪ್ಪನ ಪತ್ರ ಇವತ್ತು ನಾನು ಓದ್ತೀನಿ,” ಅಂದ. ಮೊಳೆಯಿಂದ ಬಿಚ್ಚಿ ಟವೆಲಿನಿಂದ ಕುಂಕುಮ ಒರೆಸಿದ. ಹೊಸ್ತಿಲ ಬೆಳಕಿಗೆ ಕುಂತಿದ್ದಾನೆ. ನಾನು ಮೂಲೆಯಲ್ಲಿ. ಕೈ ಸುಮ್ಮನಿರದೆ ಬರೆಯುತ್ತಿದ್ದೇನೆ. ಅವರು ನೋಟ್ಸ್ ಅಂದುಕೊಂಡಿದ್ದಾರೆ.

ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಬಂದಳು, ಕೈತುಂಬ ಹಿಟ್ಟು.

ಬೆರಳಿಟ್ಟು ಓದುತ್ತಿದ್ದಾನೆ. ಮೊದಲನೇ ಪ್ಯಾರಾ ಮುಗಿಯಿತು. ಅರ್ಥವನ್ನೂ ಹೇಳಿದ.

“ಗಾಯತ್ರೀನೂ ಹಿಂಗ ಹೇಳಿದ್ಲು ನೋಡು,” ಅಂದಳು ಅವ್ವ. ಏಳಲು ಹೋದಳು.

“ತಡಿಯವ್ವ. ಕೊನೀತನ ಓದಬೇಕಂತ. ನಮ್ ಟೀಚರ್ ಹೇಳ್ಯಾಳ.” ನನ್ನ ಕಡೆ ನೋಡಿ ನಕ್ಕ.

ಬೆರಳು ಕೆಳಗಿಳಿಯಿತು. ಒಂದು ಸಾಲು. ಅರ್ಧ ಸಾಲು. ನಿಂತ.

“ಡಿ… ಪೆಂ… ಡೆಂಟ್. ಏನಲೇ ಗಾಯತ್ರಿ ಹಂಗಂದ್ರ?”

ಡಿಕ್ಷನರಿ ನನ್ನ ಮಡಿಲಲ್ಲಿದೆ. ಅವನು ಕೈ ಚಾಚಿದ್ದಾನೆ. ಅವ್ವ ನನ್ನನ್ನೇ ನೋಡುತ್ತಿದ್ದಾಳೆ, ಅವತ್ತು ಕಟ್ಟೆ ಮೇಲೆ ನೋಡಿದ ಹಾಗೆಯೇ. ಕೊಟ್ಟುಬಿಡಲಾ… ಬೇಡ. ಇದನ್ನು ಪುಸ್ತಕ ಹೇಳಬಾರದು. ಪೆನ್ನು ಕೆಳಗಿಟ್ಟು ನಾನೇ