ರಾತ್ರಿ ಏನ್ ಉಂಡ್ರಿ, ಅಕ್ಕಾ?

ಜನವರಿ 8, ಅಂಗಡಿ, ಹುಮನಾಬಾದ

ಬ್ರೇಕ್ ವೈರ್ ಕೇಳಿ ಬಂದವನಿಗೆ ಕ್ಲಚ್ ವೈರನ್ನೂ ಮಾರಿ ಕಳಿಸಿದೆ. ಮಾತೇ ನನ್ನ ಬಂಡವಾಳ. ಮನೆಯಲ್ಲಿ ಮಾತ್ರ… ಇರಲಿ.

ಬಸವಕಲ್ಯಾಣದ ನಮ್ಮ ಓಣಿಗೆ ರಕ್ತದ ಸಂಶೋಧನೆಯವರು ಬಂದಿದ್ದಾರೆ. ನನ್ನ ಹೆಂಡತಿ ರೂಪಾಲಿ ಹೆಸರು ಬರೆಸಿದಳು. ಗಂಡನನ್ನು ಕೇಳಲಿಲ್ಲ. ಸಮ್ಯಕ ಅಂತ ಒಬ್ಬ ಹುಡುಗ, ಪಿಎಚ್‌ಡಿ ಮಾಡುತ್ತಿದ್ದಾನೆ. ದಿನಾ ಬೆಳಿಗ್ಗೆ ಫೋನು: "ಅಕ್ಕಾ, ರಾತ್ರಿ ಏನ್ ಉಂಡ್ರಿ?"

ಇದೂ ವಿಜ್ಞಾನವಂತೆ!

ಜನವರಿ 12

ಪುಂಡಿಪಲ್ಯ, ರೊಟ್ಟಿ, ಶೇಂಗಾ ಹಿಂಡಿ ಚಟ್ನಿ… ಫೋನಿನಲ್ಲಿ ಹೇಳುತ್ತ ಹೇಳುತ್ತ ನಗುತ್ತಾಳೆ ರೂಪಾಲಿ. ನನ್ನ ಪಾಲಿಗೆ ಆ ನಗೆ ಸ್ಟಾಕ್ ಇಲ್ಲ.

"ನಿನ್ನ ಪುಂಡಿಪಲ್ಯ ತಗೊಂಡು ಅಂವ ಏನ್ ಮಾಡ್ತಾನ?" ಅಂದೆ.

"ನೀವಂತೂ ಕೇಳಲ್ಲ. ಅವರಾದ್ರೂ ಕೇಳ್ತಾರ."

ಜನವರಿ 15

ಓಣಿಯಲ್ಲಿ ಸಮ್ಯಕನನ್ನೇ ಹಿಡಿದೆ. ರಕ್ತದ ಸೀಸೆಗಳನ್ನು ಐಸ್ ಡಬ್ಬಿಯಲ್ಲಿ ಜೋಡಿಸುತ್ತಿದ್ದ.

"ಮೆಟಬೊಲೊಮಿಕ್ಸ್ ಅಂತಾರ್ರಿ ಅಣ್ಣಾರ. ಉಂಡದ್ದು ಮೈಯಾಗ ಒಡದು ಸಾವಿರಾರು ಸಣ್ಣ ಅಣು ಆಗ್ತಾವ. ಸಕ್ರಿ, ಕೊಬ್ಬಿನ ಚೂರು, ಆಮ್ಲ. ಮಷಿನಿನಾಗ ಎಲ್ಲಾ ಒಮ್ಮೆಗೇ ತೂಗಿ ನೋಡ್ತೀವಿ. ತಂಪ ಇಡಲಿಲ್ಲಂದ್ರ ಸೀಸ್ಯಾಗೂ ಬದಲಾಗ್ತಾವ."

"ಜೀನ್ ನೋಡಿದ್ರ ಸಾಲಲ್ಲೇನು?"

"ಜೀನ್ ಹುಟ್ಟಿದಾಗಿಂದ ಅದೇ ಇರ್ತದ್ರಿ. ಮೈಯಾಗ ಇವತ್ತೇನ್ ನಡದದ, ಅದು ಇದ್ರಾಗ ಕಾಣ್ತದ."

ಜೀನ್ ಅಂದರೆ ಅಂಗಡಿಯ ಬೋರ್ಡು, ಇದು ಆ ದಿನದ ಗಲ್ಲಾ. ತಿಳಿಯಿತು. ಚೆಂದ ಮಾತಾಡುತ್ತಾನೆ, ಹಾಳಾದವನು.

ಜನವರಿ 20

ಇವತ್ತು ಅವಳ ಸರದಿ. ರಾತ್ರಿ ಎಂಟಕ್ಕೆ ಉಂಡು, ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಇಳಕಲ್ ಸೀರೆ ಉಟ್ಟು ಹೋದಳು — ಒಂದು ಸೂಜಿಗೆ!

ಮಾರ್ಚ್ 2, ಭಾನುವಾರ

ಸಮ್ಯಕ ಮನೆಗೇ ಬಂದ. ನನ್ನನ್ನು ನೋಡಿ ದನಿ ಇಳಿಸಿದ. "ಇರಲಿ, ಅವರೂ ಕೇಳ್ಲಿ" ಅಂದಳು ರೂಪಾಲಿ.

"ಅಕ್ಕಾ, ರಕ್ತ ಕೊಡೋ ಹಿಂದಿನ ರಾತ್ರಿ ಎಂಟಕ್ಕ ಉಂಡೀನಿ ಅಂದಿದ್ರಿ. ರಕ್ತ ಬ್ಯಾರೆ ಹೇಳ್ತದ. ಕೀಟೋನ್ ಭಾಳ ಅದಾವ. ಅನ್ನ ಸಿಗದ ಮೈ ತನ್ನ ಕೊಬ್ಬು ಸುಟ್ಕೊಂಡದ. ಸಕ್ರಿ ಕಾಯಿಲೆನೂ ಇಲ್ಲ ನಿಮಗ. ಹಿಂದಿನ ಮಧ್ಯಾಹ್ನದಿಂದ ಉಂಡಿಲ್ಲೇನ್ರಿ?"

ಅವಳು ಸೆರಗು ಸರಿ ಮಾಡಿಕೊಂಡಳು. "ಇವ್ರು ಉಂಡ ಮ್ಯಾಲೆ ನಾ ಉಣ್ಣೋದು. ಇವ್ರು ಧಾಬಾದಾಗ ಉಂಡೇ ಬರ್ತಾರ. ಒಬ್ಬಾಕಿ ಏನ್ ಬಡಸ್ಕೊಂಡು ಕೂಡ್ಲಿ? ಮಾಡಿಟ್ಟಿದ್ದನ್ನ ಉಂಡೀನಂತ ಹೇಳ್ದೆ ತಮ್ಮಾ. ಇಲ್ಲಂದ್ರ ಇವ್ರ ಮಾನ ಹೋಗಲ್ಲೇನು?"

ದಿನಾ ಬೆಳಿಗ್ಗೆ ಆ ಪುಂಡಿಪಲ್ಯ ಕೇಳಿಸಿಕೊಂಡು ಉರಿದವನು ನಾನು. ಅದು ನನಗಾಗಿ ಮಾಡಿ ಉಳಿದದ್ದು. ಆ ಸ್ಯಾಂಪಲ್ ಲೆಕ್ಕಕ್ಕಿಲ್ಲವಂತೆ. ನಾಡಿದ್ದು ಮತ್ತೆ ಕೊಡಬೇಕು.

ಹೊಟ್ಟೆಕಿಚ್ಚು ಇನ್ನೂ ಇದೆ. ನನ್ನ ಹೆಂಡತಿಯ ಹಸಿವು ನನಗಿಂತ ಮೊದಲು ಅವನಿಗೆ ಗೊತ್ತಾಯಿತು.

ಮಾರ್ಚ್ 3, ಸಂಜೆ ಏಳು, ಮನೆ

ಅಂಗಡಿ ಬೇಗ ಮುಚ್ಚಿದೆ. ಧಾಬಾದವನು ಕೈ ಮಾಡಿದ, ಗಾಡಿ ನಿಲ್ಲಿಸಲಿಲ್ಲ. ರೂಪಾಲಿ ಬಾಗಿಲಲ್ಲೇ ನಿಂತು, "ಮೈಯಾಗ ಆರಾಮಿಲ್ಲೇನ್ರಿ?" ಅಂದಳು.

"ಆರಾಮ ಅದೀನಿ. ನೀ ಕೂಡು, ನಾ ಬಡಿಸ್ತೀನಿ" ಅಂದೆ. ಹಣೆ ಮುಟ್ಟಿ ನೋಡಿದಳು. ಈಗ ಕೂತಿದ್ದಾಳೆ, ಎರಡು ತಾಟು ಇಟ್ಟುಕೊಂಡು, ನಾನು ಬರೆಯುವುದನ್ನೇ ನೋಡುತ್ತ. ನಾಳೆ ರಕ್ತ ಕೊಡಬೇಕು, ಊಟ ಎಂಟರೊಳಗೆ ಆಗಬೇಕು. ರೊಟ್ಟಿ ಸಿಕ್ಕವು. ಹಿಂಡಿ ಎಲ್ಲಿಡುತ್ತಾಳೋ ಇಷ್ಟು ವರ್ಷವಾದರೂ ಗೊತ್ತಿಲ್ಲ, ಅವಳನ್ನೇ ಕೇಳಬೇ—