ಸದ್ದಿಲ್ಲದೆ ಬಂದ ಗಾಡಿ

ಫೆಬ್ರವರಿ 3, ಸಂಜೆ

ತಿರುವಿನಲ್ಲಿ ಡೀಸೆಲ್ ಗಾಡಿ ಕೆಮ್ಮಿತು. ಓದುತ್ತಿದ್ದ ಕಾದಂಬರಿ ಅಕ್ಕಿ ಡಬ್ಬದ ಹಿಂದೆ ಹೋಯಿತು. ಕಾಫಿಗೆ ನೀರಿಟ್ಟೆ. ಮಗಳು ಮಾನ್ಯ ಫೋನ್ ಬಚ್ಚಿಟ್ಟು ಕಾಲೇಜಿನ ನೋಟ್ಸ್ ಬಿಚ್ಚಿದಳು. ಇವರು ಗೇಟಿಗೆ ಬರುವಷ್ಟರಲ್ಲಿ ಮನೆ ಇವರಿಗೆ ಬೇಕಾದ ಹಾಗಿತ್ತು.

ಹನ್ನೊಂದು ವರ್ಷದ ಗಾಡಿ. ಅದರ ಗಡಗಡಕ್ಕೆ ಬೀದಿಯವರೆಲ್ಲ ಬೈಯುತ್ತಾರೆ. ನನಗೆ ಅದು ಬೇಕು.

ಆ ಸದ್ದು ಎಲ್ಲ ದಿನವೂ ಉಪಯೋಗಕ್ಕೆ ಬರುವುದಿಲ್ಲ. ಇವತ್ತು ಕಾಫಿಗೆ ಸಕ್ಕರೆ ಜಾಸ್ತಿಯಾಗಿತ್ತು. ಲೋಟ ಹಾರಿ ಬಂತು. ತಲೆ ತಗ್ಗಿಸಿದೆ, ಗೋಡೆಗೆ ಬಡಿಯಿತು. ಎರಡನೆಯದು ಕೈ. ಅದಕ್ಕೆ ತಗ್ಗಲು ಆಗಲಿಲ್ಲ. ಕಿವಿ ಇನ್ನೂ ಗುಂಯ್ ಅನ್ನುತ್ತಿದೆ.

ಜಗಲಿಯಿಂದ ಮಾವ: "ಕೈಲಾಸಾ, ಕಿಟಕಿ ಹಾಕ್ಕೊಳಪ್ಪ. ಬೀದಿಗೆ ಕೇಳುತ್ತೆ."

ಇಷ್ಟು ವರ್ಷದಲ್ಲಿ ಮಗನಿಗೆ ಅವರು ಹೇಳಿದ್ದು ಅದೊಂದೇ.

ಫೆಬ್ರವರಿ 11

ಗಾಡಿ ಬದಲಾಯಿಸುತ್ತಾರಂತೆ. "ಕೇಬಲ್ ಹೋಲ್‌ಸೇಲ್ ಮಾಡೋನು ಟ್ರ್ಯಾಕ್ಟರಲ್ಲಿ ಬಂದ ಅಂತ ನಗರ್ತಪೇಟೆ ಮಾರ್ಕೆಟ್ ಪೂರ್ತಿ ನಗುತ್ತೆ."

ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಲೋಹಿತ್ ಒಂದನ್ನು ಮನೆಗೇ ತಂದಿದ್ದ. ಬಿಳಿ ಬಣ್ಣದ ಉದ್ದನೆಯ ಹೈಬ್ರಿಡ್ ಸೆಡಾನ್. ಮೊದಲು ಯಾರೋ ಡಾಕ್ಟರದ್ದಂತೆ. ಕೆನೆ ಬಣ್ಣದ ಚರ್ಮದ ಸೀಟು.

"ಸ್ಟಾರ್ಟ್ ಮಾಡು ಗುರು."

"ಆಗಿದೆ ಸಾರ್."

"ಎಲ್ಲಿ?"

"ಅದೇ ಸಾರ್ ಇದರ ಮಜಾ. ಸ್ಲೋ ಇದ್ರೆ ಬ್ಯಾಟರಿ ಮೇಲೇ ಓಡುತ್ತೆ. ನೀವು ಬಾಗಿಲಿಗೆ ಬಂದು ನಿಂತ್ರೂ ಮೇಡಂಗೆ ಗೊತ್ತಾಗಲ್ಲ."

ಇವರು ನನ್ನ ಕಡೆ ತಿರುಗಿ ನಕ್ಕರು. "ಹಂಗಾದ್ರೆ ಇದೇ ಇರಲಿ."

ಫೆಬ್ರವರಿ 20

ದೇವಸ್ಥಾನದ ಮುಂದೆ ಪೂಜೆ. ಅರ್ಚಕರು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ ಎದುರೇ ನಿಂತು, "ಹೂಂ, ಸ್ಟಾರ್ಟ್ ಮಾಡಿ" ಅಂದರು. ಆಗಲೇ ಆಗಿತ್ತು. ಗಾಡಿ ಅವರ ಮೊಣಕಾಲಿಗೆ ಬಂತು.

"ಅಯ್ಯೋ ಶಿವನೇ! ಹಾರನ್ ಆದ್ರೂ ಹೊಡೀಬಾರದೇನ್ರೀ? ನನ್ನೇ ನಿಂಬೆಹಣ್ಣು ಮಾಡ್ತಿದ್ರಲ್ಲ!"

ಎಲ್ಲರೂ ನಕ್ಕರು. ಮಾವ ಕೂಡ.

ಹಿಂದಿನ ಸೀಟಿನಲ್ಲಿ ಕೂತು ಗಾಡಿಯ ಕೈಪಿಡಿ ಓದಿದೆ. ಪೂರ್ತಿ. ಬೇರೆ ದೇಶದ ಕಾದಂಬರಿಗಳ ಅನುವಾದಗಳನ್ನೇ ಓದಿ ಬೆಳೆದ ಅಭ್ಯಾಸ — ಎಲ್ಲಿಯೋ ಇರುವವರು ಯಾರಿಗೋ ಹೇಳಿದ್ದನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದು. ಸದ್ದಿಲ್ಲ ಎಂದರೆ ಆಫ್ ಆಗಿದೆ ಎಂದಲ್ಲ. ಗೇರು ಡಿ ಯಲ್ಲಿದ್ದರೆ ಆಕ್ಸಿಲರೇಟರ್ ಒತ್ತದೆಯೂ ಗಾಡಿ ತಾನೇ ಮೆಲ್ಲಗೆ ಮುಂದೆ ಹೋಗುತ್ತದೆ, ಬಾಗಿಲು ತೆರೆದರೆ ಕೀಂ ಕೀಂ ಅನ್ನುತ್ತದೆ. ಆಗ ಇಳಿಯಬಾರದು. ಪಿ ಗೆ, ಅಂದರೆ ಪಾರ್ಕಿಂಗಿಗೆ, ಹಾಕಿಯೇ ಇಳಿಯಬೇಕು.

ಮನೆಗೆ ಬಂದ ಮೇಲೆ ಹೇಳಿದೆ. "ರೀ, ಪಿ ಗೆ ಹಾಕದೆ ಇಳೀಬಾರದಂತೆ."

"ನಂಗೆ ಗಾಡಿ ಹೇಳ್ಕೊಡ್ತೀಯಾ?" ಕೈಪಿಡಿಯಿಂದಲೇ ಬಾಯಿಗೆ ಹೊಡೆದರು. ತುಟಿ ಒಡೆಯಿತು. ದಪ್ಪ ಪುಸ್ತಕ.

ನಮ್ಮ ಕಾಂಪೌಂಡ್ ಗೇಟಿನ ಕಡೆಗೆ ಇಳಿಜಾರು. ಡೀಸೆಲ್‌ಗೆ ಹ್ಯಾಂಡ್‌ಬ್ರೇಕ್ ಸರಿಯಿರಲಿಲ್ಲ, ಮುಂಚಕ್ರಕ್ಕೆ ಅರ್ಧ ಇಟ್ಟಿಗೆ ಕೊಡುತ್ತಿದ್ದೆವು. ಇದಕ್ಕೆ ಬೇಡ. ಆದರೂ ಅದೇ ಇಟ್ಟಿಗೆ ಕೊಟ್ಟರು. ಬೆಳಿಗ್ಗೆ ಗೇಟು ತೆಗೆಯುವುದು, ಇಟ್ಟಿಗೆ ಎಳೆಯುವುದು ಎಂದಿನಂತೆ ನನ್ನ ಕೆಲಸ.

ಫೆಬ್ರವರಿ 26

ಗೊತ್ತೇ ಆಗಲಿಲ್ಲ.

ಒಲೆ ಹಚ್ಚಿರಲಿಲ್ಲ. ಪುಸ್ತಕ ಮಡಿಲಲ್ಲಿತ್ತು. ಬೇರೆ ದೇಶದ ಯಾವುದೋ ಊರಿನಲ್ಲಿ ಹಿಮ ಬೀಳುತ್ತಿತ್ತು. ತಲೆಯೆತ್ತಿದರೆ ಇವರ ಶೂಸ್.

ಅಂಗಡಿಯ ಸ್ಯಾಂಪಲ್ ವೈರು ಕೈಯಲ್ಲೇ ಇತ್ತು. ಬೆನ್ನು, ತೊಡೆ, ಮತ್ತೆ ಬೆನ್ನು. ಬಾಯಿಗೆ ಸೆರಗು ತುರುಕಿಕೊಂಡೆ. ಕಿಟಕಿ ತೆರೆದಿತ್ತು.

ಮಾರ್ಚ್ 1

ಮತ್ತೆ. ಈ ಸಲ ಕೂತಿದ್ದಕ್ಕೆ.

ಮಾರ್ಚ್ 10

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ನಿನ್ನೆ ಮಾನ್ಯ ಫೋನಿನಲ್ಲಿ ನಗುತ್ತಿದ್ದಳು. ಲ್ಯಾಬಿನ ಪ್ರಸನ್ನನ ಜೊತೆ. ಅವಳ ಅಪ್ಪ ಹಿಂದೆ ಬಂದು ನಿಂತಿದ್ದ. ಜಡೆ ಹಿಡಿದು ಅವಳನ್ನು ಬಾಗಿಲಿನ ತನಕ ಎಳೆದ. ಇಷ್ಟು ದಿನ ಅವಳನ್ನು ಮುಟ್ಟಿರಲಿಲ್ಲ. ಅದೊಂದನ್ನೇ ನಂಬಿಕೊಂಡಿದ್ದೆ.

ಅಡ್ಡ ಹೋದೆ. ಚೌಕಟ್ಟು ಹಿಡಿದಿದ್ದೆ. ಬಾಗಿಲು ಹಾಕಿದ. ಕೈ ಸಂದಿಯಲ್ಲಿತ್ತು. ತೆಗೆದು ಇನ್ನೊಂದು ಸಲ ಹಾಕಿದ.

ಮೂಳೆಯ ಸದ್ದು ಸಣ್ಣದು. ಹಪ್ಪಳದ್ದು.

"ಬಾತ್‌ರೂಮಲ್ಲಿ ಜಾರಿದೆ" ಅಂದೆ. ಡಾಕ್ಟರು ಬರೆದುಕೊಂಡರು. ತಲೆ ಎತ್ತಲಿಲ್ಲ.

ಆಟೋದಲ್ಲಿ ಮಾನ್ಯ: "ಹೋಗ್ಬಿಡೋಣ ಅಮ್ಮ."

"ಎಲ್ಲಿಗೆ?"

"ಎಲ್ಲಿಗಾದ್ರೂ. ಅವರು ಬರೋದೇ ಗೊತ್ತಾಗಲ್ಲ ಈಗ. ಸ್ನಾನಕ್ಕೆ ಹೋಗಕ್ಕೂ ಭಯ ನಂಗೆ."

ಮಾರ್ಚ್ 14, ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೆ.

ಬೆಳಿಗ್ಗೆ ಮಾನ್ಯಳನ್ನು ರೂಮಿನಲ್ಲಿ ಹಾಕಿ ಚಿಲಕ ಹಾಕಿದ. "ಸಾಯಂಕಾಲ ಬಂದು ನೋಡ್ಕೋತೀನಿ ನಿನ್ನ. ಆಮೇಲೆ ಯಾರ ಜೊತೆ ನಗ್ತೀಯೋ ನೋಡೋಣ." ಅವಳಿಗೇ ಹೇಳಿದ್ದು. ನನಗೆ ಹೇಳುವ ಅದೇ ದನಿಯಲ್ಲಿ.

ನಾನು ಮೇಲೆ ಬಾಲ್ಕನಿಯಲ್ಲಿ. ಅವನು ಗಾಡಿಯಲ್ಲಿ ಕೂತ, ಬಟನ್ ಒತ್ತಿದ, ಗೇರು ಡಿ ಗೆ ಎಳೆದ. ಫೋನ್ ಬಂತು. ಮಾತಾಡಿ ಮುಗಿಸಿ ತಲೆಯೆತ್ತಿದರೆ ಗೇಟು ಹಾಕಿಯೇ ಇದೆ. ನನ್ನ ಕೈ ಮುರಿದ ಮೇಲೆ ಗೇಟು, ಇಟ್ಟಿಗೆ ಮಾನ್ಯಳ ಕೆಲಸ; ಅವಳು ಚಿಲಕದ ಹಿಂದೆ.

"ಮಹಾನಂದಾ! ಗೇಟು!"

ಪ್ಲಾಸ್ಟರ್ ಕೈ ಎತ್ತಿ ತೋರಿಸಿದೆ.

"ಹಾಳಾದ್ ಕೈ!" ಇಳಿದ. ಗಾಡಿ ಕೀಂ ಕೀಂ ಅಂದಿತು. "ಬಾಯ್ ಮುಚ್ಚೋ ನೀನೊಂದು" ಅಂತ ಅದಕ್ಕೂ ಬೈದ. ಎಂಜಿನ್ ಸದ್ದಿರಲಿಲ್ಲ. ಅವನ ಲೆಕ್ಕದಲ್ಲಿ ಗಾಡಿ ಆಫ್ ಆಗಿತ್ತು.

ಗಾಡಿ ಮತ್ತು ಗೇಟಿನ ನಡುವೆ ಬಂದು ಬಗ್ಗಿದ. ಇಟ್ಟಿಗೆಗೆ ಕೈ ಹಾಕಿದ. ಬಿಗಿಯಾಗಿತ್ತು. ಗುದ್ದಿದ.

ಬಾಯಿ ತೆರೆದೆ. ಒಂದು ಮಾತು ಸಾಕಿತ್ತು. ಗಂಟಲು ಸರಿಯಾಗಿಯೇ ಇತ್ತು. ಮುಚ್ಚಿದೆ.

ಇಟ್ಟಿಗೆ ಕೈಗೆ ಬಂತು. ಗಾಡಿ ಅವಸರ ಮಾಡಲಿಲ್ಲ. ಮೆಲ್ಲಗೆ ಇಳಿದು ಅವನನ್ನು ಕಬ್ಬಿಣದ ಗೇಟಿಗೆ ಒತ್ತಿತು. ಒತ್ತುತ್ತಲೇ ಇತ್ತು. ಮೊದಲು ಸರಳು ಬಾಗಿತು, ಆಮೇಲೆ ಸೊಂಟ. ಬಿಳಿ ಬಾನೆಟ್ ಮೇಲೆ ಅಂಗೈಯಿಂದ ಬಡಿದ, ಬಡಿದ. ಕಿರುಚಿದ.

ಬೀದಿಗೆಲ್ಲ ಕೇಳಿತು.

ಮೆಟ್ಟಿಲು ಇಳಿದೆ. ನಡೆಯುವ ಹಾಗೆಯೇ ಇಳಿದೆ. ಎಡಗೈಯಿಂದ ಪಿ ಗೆ ತಳ್ಳಿ ಬಟನ್ ಒತ್ತಿದೆ. ಕೀಂ ಕೀಂ ನಿಂತಿತು. ಎದುರುಮನೆ ಶೀನಣ್ಣ ಕಾಂಪೌಂಡ್ ಹಾರಿ ಬಂದು ಗಾಡಿ ರಿವರ್ಸ್ ತೆಗೆದರು. ಮಾವ ಜಗಲಿಯಲ್ಲಿ ನಿಂತೇ ಇದ್ದರು. ಪೇಪರ್ ಕೈಯಲ್ಲಿ.

ಆಮೇಲೆ ಮಾನ್ಯಳ ಚಿಲಕ ತೆಗೆದೆ.

ಮಾರ್ಚ್ 23, ಆಸ್ಪತ್ರೆ

ಸೊಂಟಕ್ಕೆ ರಾಡು. ಬಲಗಾಲು ಮಂಡಿಯಿಂದ ಕೆಳಗೆ ಇಲ್ಲ. ಪೊಲೀಸರು ಬಂದರು, ಗಾಡಿ ನೋಡಿದರು, ಹೋದರು. ಗೇರಿನಲ್ಲಿ ಬಿಟ್ಟು ಇಳಿದದ್ದು ಅಂತ ಬರೆದುಕೊಂಡರು. ಸುಳ್ಳಲ್ಲ.

ಮಾವ ಹೊರಗೆ ಹೋದಾಗ ಅವನು ನನ್ನ ಸೆರಗು ಹಿಡಿದು ಎಳೆದುಕೊಂಡ. ಬೆರಳಿಗೆ ಇನ್ನೂ ಬಲವಿದೆ.

"ನೀನು ಮೇಲೇ ನಿಂತಿದ್ದೆ. ನೋಡ್ತಾನೇ ಇದ್ದೆ. ಯಾಕೆ ಕೂಗ್ಲಿಲ್ಲ?"

"ಬೀದಿಗೆ ಕೇಳುತ್ತೆ ಅಂತ."

ಸೆರಗು ಬಿಟ್ಟ.

ಮೇ 2

ಅವನು ಮನೆಗೆ ಬಂದು ಹತ್ತಿರ ಹತ್ತಿರ ತಿಂಗಳು. ನಿನ್ನೆ ಊಟದ ತಟ್ಟೆ ಬೀಸಿ ಎಸೆದ. ನನ್ನ ತನಕ ಬರಲಿಲ್ಲ. ಮಾನ್ಯ ಕಸಪೊರಕೆ ತಂದು ಅವನ ಮುಂದಿಟ್ಟಳು. ಹೆದರಿಕೆಯೇ ಇರಲಿಲ್ಲ ಅವಳ ಮುಖದಲ್ಲಿ. ಕಾಲೇಜಿಗೆ ಹೋಗುತ್ತಿದ್ದಾಳೆ.

ಗಾಡಿ ವಾಪಸ್ ತಗೊಳ್ಳಲಾ ಅಂತ ಲೋಹಿತ್ ಕೇಳಿದ. ಬೇಡ ಅಂದೆ. ಪ್ಲಾಸ್ಟರ್ ತೆಗೆದಿದ್ದಾರೆ. ಕಲಿಯುತ್ತೇನೆ.

ಮೇ 6, ಸಂಜೆ

ವೀಲ್‌ಚೇರಿನ ಎಡಚಕ್ರ ಕಿರ್ರ್ ಅನ್ನುತ್ತದೆ. ಮನೆಯ ಯಾವ ಮೂಲೆಗೂ ಕೇಳುತ್ತದೆ. "ಒಂದು ತೊಟ್ಟು ಎಣ್ಣೆ ಬಿಡಮ್ಮ, ತಲೆ ಸಿಡೀತಿದೆ" ಅಂದರು ಮಾವ.

ಬಿಡಲಿಲ್ಲ.

ಈಗ ರೂಮಿನಿಂದ ಹೊರಟ. ಹಾಲ್. ದೇವರಮನೆ ದಾಟಿದ. ನನ್ನ ಕಾದಂಬರಿಯಲ್ಲಿ ಹಿಮ ಕರಗುತ್ತಿದೆ, ಇನ್ನು ಒಂದೂವರೆ ಪುಟ. ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ. ಹೊಸ್ತಿಲು ಎತ್ತರ. ನೋಡುತ್ತಿದ್ದಾನೆ. ಪುಸ್ತಕ ಮುಚ್ಚಿ ಅಕ್ಕಿ ಡಬ್ಬದ ಹಿಂದೆ ಇಡಲಿಲ್ಲ. ಪುಟ ತಿರುಗಿಸಿದೆ.